ರಿಮೋಟ್ ಕೊನೆಗೆ ಬರಲಿ

ರಿಮೋಟ್ ಹಿಡಿದು ಆಡಿಸುವ ಹಾಯಿದೋಣಿಯ ಮಾದರಿಯನ್ನು ನೀವು ನೋಡಿದ್ದೀರಾ? ದಂಡೆಯಲ್ಲಿ ನಿಂತವರ ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ಅವರು ಅದರ ಕಡ್ಡಿಗಳನ್ನು ಆಡಿಸಿದಂತೆಲ್ಲ ನೀರಿನ ಮೇಲಿನ ದೋಣಿ ತಿರುಗುತ್ತದೆ, ವಾಲುತ್ತದೆ, ಮುಂದೆ ಸಾಗುತ್ತದೆ. ದೋಣಿಯನ್ನು ಓಡಿಸುತ್ತಿರುವುದು ರಿಮೋಟ್ ಎಂದೇ ನಮಗೆ ಅನ್ನಿಸುತ್ತದೆ. ಆದರೆ ಓಡಿಸುತ್ತಿರುವುದು ಗಾಳಿ!

1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕ್ ನಗರದಲ್ಲಿ ರೇಡಿಯೊ ಅಲೆಗಳಿಂದ ನಿಯಂತ್ರಿಸುವ ಪುಟ್ಟ ದೋಣಿಯನ್ನು ಜನರಿಗೆ ತೋರಿಸಿದರು. ಅದರಲ್ಲಿ ಬ್ಯಾಟರಿ, ಮೋಟಾರು ಎಲ್ಲವೂ ಇದ್ದವು. ಹಾಯಿದೋಣಿಯಲ್ಲಿ ರೇಡಿಯೊಗೆ ಇರುವುದು ಎರಡೇ ಕೆಲಸ. ಒಂದು, ಹಿಂಬದಿಯ ಚುಕ್ಕಾಣಿಯನ್ನು ತಿರುಗಿಸುವುದು. ಇನ್ನೊಂದು, ಹಾಯಿಯ ದಾರವನ್ನು ಎಳೆಯುವುದು ಇಲ್ಲವೇ ಸಡಿಲಿಸುವುದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಶಾಲೆಯಲ್ಲಿ ಇಂಥ ದೋಣಿ ಮಾಡುವುದಾದರೆ ರಿಮೋಟನ್ನು ಕೊನೆಗೆ ತನ್ನಿ. ತರದಿದ್ದರೂ ನಷ್ಟವಿಲ್ಲ.

ಹೀಗೆ ಹೇಳಲು ಒಂದು ಕಾರಣವಿದೆ. ಹಿಂದೊಮ್ಮೆ ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. ಅಂಗಡಿಯಿಂದ ತಂದ ರಿಮೋಟ್ ದೋಣಿಯ ಸುತ್ತ ಜನವೋ ಜನ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಹಳೆಯ ಕೊಡೆಯ ಬಟ್ಟೆಯಿಂದ ಹಾಯಿ ಮಾಡಿದ್ದಳು. ಅವಳ ದೋಣಿ ಮತ್ತೆ ಮತ್ತೆ ಮಗುಚುತ್ತಿತ್ತು. ಅವಳು ತಳಕ್ಕೆ ಒಂದೊಂದೇ ನಟ್ಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ನೋಡುತ್ತಿದ್ದಳು. ಬಹುಮಾನ ರಿಮೋಟಿಗೆ ಹೋಯಿತು. ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಏಕೆಂದರೆ ನಿಜವಾದ ಪ್ರಶ್ನೆಯನ್ನು ಹಿಡಿದಿದ್ದವಳು ಅವಳು. ಹಾಯಿಯ ಮೇಲೆ ಬೀಸುವ ಗಾಳಿ ದೋಣಿಯನ್ನು ಉರುಳಿಸಲು ನೋಡುತ್ತದೆ. ಅದನ್ನು ತಡೆಯುವುದು ನೀರಿನೊಳಗೆ ಆಳದಲ್ಲಿರುವ ಭಾರ. ಹೊರದೇಶಗಳ ಸ್ಪರ್ಧೆಗಳಲ್ಲಿ ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ಎಂಬ ವರ್ಗದ ದೋಣಿಗಳಿವೆ. ದೋಣಿಯ ಒಡಲು ಒಂದು ಮೀಟರಿಗಿಂತ ಉದ್ದ ಇರಬಾರದು. ಒಟ್ಟು ತೂಕ 4 ಕಿಲೋಗ್ರಾಂಗಿಂತ ಕಡಿಮೆ ಇರಬಾರದು. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಳದ ಅಲಗು ಮತ್ತು ಅದರ ತುದಿಯ ಗುಂಡಿನಲ್ಲೇ ಇರುತ್ತದೆ! ಈ ಅಲಗಿಗೆ ಕೀಲ್ ಎನ್ನುತ್ತಾರೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದೂ ಇದೇ. ಅಲಗಿಲ್ಲದ ದೋಣಿಯನ್ನು ತೊಟ್ಟಿಯಲ್ಲಿ ಬಿಟ್ಟು ಪಕ್ಕದಿಂದ ಗಾಳಿ ಬೀಸಿ ನೋಡಿ, ಏಡಿಯಂತೆ ಅಡ್ಡಡ್ಡ ಹೋಗುತ್ತದೆ.

ನೀವು ಮಾಡುವ ದೋಣಿಗೆ ಹಗುರವಾದ ಬೂರುಗದ ಮರದ ತುಂಡು ಸಾಕು. ಕಂಬಕ್ಕೆ ಬಿದಿರು ಕಡ್ಡಿ, ಹಾಯಿಗೆ ಕೊಡೆಯ ಬಟ್ಟೆ, ಅಲಗಿಗೆ ಹಳೆಯ ಸ್ಟೀಲ್ ಸ್ಕೇಲು, ಭಾರಕ್ಕೆ ಕಬ್ಬಿಣದ ನಟ್ಟು ಬೋಲ್ಟು. ಸೀಸ ಬೇಡ, ಅದು ವಿಷ. ಕಂಬ ನಿಲ್ಲಿಸಲು ಒಂದೇ ತೂತು ಕೊರೆಯಬೇಡಿ. ಬೆರಳಗಲ ಅಂತರದಲ್ಲಿ ಮೂರು ತೂತು ಇರಲಿ. ಏಕೆ ಗೊತ್ತೇ?

ಚುಕ್ಕಾಣಿಯನ್ನು ನೇರವಾಗಿ ಕಟ್ಟಿಬಿಟ್ಟು ದೋಣಿಯನ್ನು ನೀರಿಗೆ ಬಿಡಿ. ರಟ್ಟಿನಿಂದ ಪಕ್ಕದಿಂದ ಗಾಳಿ ಬೀಸಿ. ದೋಣಿಯ ಮೂತಿ ಗಾಳಿ ಬರುವ ಕಡೆಗೆ ಜೋರಾಗಿ ತಿರುಗಿತೇ? ಹಾಗಾದರೆ ಹಾಯಿ ಅಲಗಿಗಿಂತ ತೀರಾ ಹಿಂದಿದೆ; ಗಾಳಿಕೋಳಿಯ ಬಾಲವನ್ನು ತಳ್ಳಿದಂತೆ ಗಾಳಿ ದೋಣಿಯ ಹಿಂಭಾಗವನ್ನು ತಳ್ಳುತ್ತಿದೆ. ಕಂಬವನ್ನು ಮುಂದಿನ ತೂತಿಗೆ ಹಾಕಿ. ಮೂತಿ ಗಾಳಿಯಿಂದ ದೂರ ತಿರುಗಿದರೆ ಹಿಂದಿನ ತೂತಿಗೆ ಹಾಕಿ. ತುಸುವೇ ಗಾಳಿಯ ಕಡೆಗೆ ತಿರುಗುವ ದೋಣಿ ಒಳ್ಳೆಯದು. ಜೋರು ಗಾಳಿ ಬಂದಾಗ ಅದು ತಾನೇ ಗಾಳಿಗೆ ಮುಖಮಾಡಿ ನಿಧಾನವಾಗುತ್ತದೆ.

ಹಾಯಿಯ ದಾರದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಬಿಗಿಯಾಗಿ ಎಳೆದು ಕಟ್ಟುವುದು. ಮೊದಲು ಸಡಿಲ ಬಿಡಿ. ಹಾಯಿಯ ಮುಂದಿನ ಅಂಚು ಪಟಪಟನೆ ಬಡಿದುಕೊಳ್ಳುತ್ತದೆ. ಆ ಬಡಿತ ನಿಲ್ಲುವಷ್ಟು ಮಾತ್ರ ಎಳೆಯಿರಿ. ರಿಮೋಟ್ ಹಿಡಿದವರು ದಂಡೆಯಲ್ಲಿ ನಿಂತು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಗಾಳಿ ಬರುವ ದಿಕ್ಕಿಗೇ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಆಗದು. ಅತ್ತ ಓರೆ, ಇತ್ತ ಓರೆ ಎಂದು ಅಂಕುಡೊಂಕಾಗಿಯೇ ಸಾಗಬೇಕು.

ಇಷ್ಟೆಲ್ಲ ಕಲಿಯಲು ಶಾಲೆಯ ನೀರಿನ ತೊಟ್ಟಿ ಸಾಕು, ಅದೂ ಮೇಷ್ಟ್ರು ಅಥವಾ ಟೀಚರ್ ಜೊತೆಯಲ್ಲಿದ್ದಾಗ. ಕೆರೆಗೆ ನೀವು ನೀವೇ ಹೋಗಬೇಡಿ.

ಶಿಕ್ಷಕರಿಗೂ ಒಂದು ಮಾತು. ಮುಂದಿನ ವಸ್ತುಪ್ರದರ್ಶನದಲ್ಲಿ ಯಾರಾದರೂ ರಿಮೋಟ್ ದೋಣಿ ತಂದರೆ, ಆ ಪೆಟ್ಟಿಗೆಯನ್ನು ಪಕ್ಕಕ್ಕಿಡಲು ಹೇಳಿ. ‘ಈ ಕಂಬವನ್ನು ಇಲ್ಲೇ ಏಕೆ ನಿಲ್ಲಿಸಿದೆ?’ ಎಂದು ಕೇಳಿ. ಅಂಕವನ್ನು ಆ ಉತ್ತರಕ್ಕೆ ಕೊಡಿ.