ಸೋರಿಯಾಕ್ಕಿದ್ದ ಏಣಿ ಸೊರಬಕ್ಕೆ ಏಕಿಲ್ಲ?

ಬೆಂಗಳೂರು ಎಫ್‌ಸಿ 2025ರ ಆಗಸ್ಟ್ ಮೊದಲ ವಾರದಲ್ಲಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರ ಸಂಸ್ಥೆಯ ನಡುವಣ ಒಪ್ಪಂದ ಆ ವರ್ಷದ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಹೊಸ ಒಪ್ಪಂದ ಆಗಿರಲಿಲ್ಲ. ಹೀಗಾಗಿ ಇಂಡಿಯನ್ ಸೂಪರ್ ಲೀಗ್ ನಡೆಯುವುದೋ ಇಲ್ಲವೋ ಎಂಬುದೇ ಅನಿಶ್ಚಿತವಾಗಿತ್ತು. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ರಿಂದ ಲೀಗ್ ಆರಂಭವಾಗುವುದೆಂದು ಪ್ರಕಟಿಸಬೇಕಾಯಿತು. ರಾಜಧಾನಿಯ ಕ್ರೀಡಾ ವಲಯದಲ್ಲಿ ತಿಂಗಳುಗಟ್ಟಲೆ ಚರ್ಚೆಯಾದ ಈ ಬಿಕ್ಕಟ್ಟು ಶಿಕಾರಿಪುರ, ಸೊರಬದಂತಹ ತಾಲ್ಲೂಕುಗಳ ಹೋಟೆಲ್ ಕಟ್ಟೆಗಳಲ್ಲಿ ಮಾತಿನ ವಸ್ತುವಾಗಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲ. ಅಲ್ಲಿನ ಹುಡುಗನೊಬ್ಬ ಆ ವೇತನದ ಪಟ್ಟಿಯವರೆಗೆ ನಡೆದು ಹೋಗಬಹುದಾದ ದಾರಿಯೇ ಇಲ್ಲದಿರುವಾಗ ಪಟ್ಟಿ ಉಳಿದರೇನು, ಅಳಿದರೇನು?

ದಾರಿ ಎಂದರೆ ಹೇಗಿರುತ್ತದೆ ಎಂಬುದನ್ನು ತಿಳಿಯಲು ಅದೇ ಬೆಂಗಳೂರು ತಂಡದಲ್ಲಿ ನಾಲ್ಕು ಋತುಗಳನ್ನು ಕಳೆದ ಸ್ಪೇನ್ ದೇಶದ ಆಟಗಾರನೊಬ್ಬನ ವೃತ್ತಿಜೀವನವನ್ನು ನೋಡಿದರೆ ಸಾಕು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಸೂಪರ್ ಲೀಗ್ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ನಿಗದಿತ ಅವಧಿಯಲ್ಲಿ ಗೋಲು ಬರಲಿಲ್ಲ. ಹೆಚ್ಚುವರಿ ಅವಧಿಯ ಆಟ ಮುಗಿಯುವ ಹಂತದಲ್ಲಿ, 117ನೇ ನಿಮಿಷದಲ್ಲಿ, ಕಾರ್ನರ್ ಕಿಕ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು ಚಾಂಪಿಯನ್ ಆಯಿತು. ಗೋಲು ಹೊಡೆದವರ ಹೆಸರು ಎಲ್ಲರಿಗೂ ನೆನಪಿದೆ, ನಾಯಕ ಸುನಿಲ್ ಚೆಟ್ರಿ ಟ್ರೋಫಿ ಎತ್ತಿದ ಚಿತ್ರವೂ ನೆನಪಿದೆ. ಕಾರ್ನರ್ ಒದ್ದವರು ಡಿಮಾಸ್ ಡೆಲ್ಗಾಡೊ. ಆಗ ಅವರಿಗೆ 36 ವರ್ಷ.

ಡಿಮಾಸ್ ಹುಟ್ಟಿದ್ದು 1983ರಲ್ಲಿ, ಬಾರ್ಸಿಲೋನಾ ನಗರಕ್ಕೆ ಅಂಟಿಕೊಂಡಂತಿರುವ ಸಾಂತಾ ಕೊಲೋಮಾ ಎಂಬ ದುಡಿಯುವ ವರ್ಗದ ಪಟ್ಟಣದಲ್ಲಿ. ಬಾರ್ಸಿಲೋನಾ ಕ್ಲಬ್‌ನ ಯುವ ತಂಡಗಳಲ್ಲಿ ಬೆಳೆದು ಅದರ 'ಬಿ' ತಂಡದವರೆಗೆ ಬಂದರು. ಮುಖ್ಯ ತಂಡದ ಬಾಗಿಲು ತೆರೆಯಲಿಲ್ಲ. ಆ ಬಾಗಿಲಿನ ಮುಂದೆ ನಿಂತು ಹಿಂದಿರುಗಿದ ಹುಡುಗರ ಸಂಖ್ಯೆ ಒಳಗೆ ಹೋದವರಿಗಿಂತ ಬಹಳ ದೊಡ್ಡದು. ನಮ್ಮಲ್ಲಾದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆತ ಯಾವುದೋ ಇಲಾಖೆಯ ಕ್ರೀಡಾ ಮೀಸಲಿನಲ್ಲಿ ನೌಕರಿಗೆ ಸೇರಿಕೊಳ್ಳುತ್ತಿದ್ದ, ಇಲ್ಲವೇ ಅಪ್ಪನ ಅಡಿಕೆ ತೋಟಕ್ಕೆ ಮರಳುತ್ತಿದ್ದ. ಡಿಮಾಸ್ ಹೋದದ್ದು ಸೋರಿಯಾಕ್ಕೆ.

ಸೋರಿಯಾ ಎಂಬ ಊರಿನ ಬಗ್ಗೆ ಶಿಕಾರಿಪುರದವರು ಸ್ವಲ್ಪ ತಿಳಿದುಕೊಳ್ಳಬೇಕು. ಅದರ ಜನಸಂಖ್ಯೆ ಸುಮಾರು 40 ಸಾವಿರ. ಅದೇ ಹೆಸರಿನ ಇಡೀ ಪ್ರಾಂತ್ಯದ ಜನಸಂಖ್ಯೆ 90 ಸಾವಿರದ ಆಸುಪಾಸು. ಸ್ಪೇನ್‌ನಲ್ಲಿ ಅತಿ ವಿರಳ ಜನವಸತಿಯ, ಯುವಕರು ಊರು ಬಿಟ್ಟು ಹೋಗುತ್ತಿರುವ ಪ್ರದೇಶಗಳಲ್ಲಿ ಅದೂ ಒಂದು. 2011ರ ಜನಗಣತಿಯಂತೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ತಲಾ 2 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಎರಡನ್ನೂ ಕೂಡಿಸಿದರೆ ಸೋರಿಯಾ ಪ್ರಾಂತ್ಯದ ನಾಲ್ಕು ಪಟ್ಟು. ಈ ಸಣ್ಣ ಊರಿನ ಕ್ಲಬ್‌ನ ಹೆಸರು ನುಮಾನ್ಸಿಯಾ. ಕ್ರಿ.ಪೂ. 133ರಲ್ಲಿ ರೋಮನ್ ಸೇನೆಯ ಮುತ್ತಿಗೆಗೆ ಸಿಕ್ಕಿ ನಾಶವಾದ, ಹತ್ತಿರದಲ್ಲೇ ಇದ್ದ ಪ್ರಾಚೀನ ಪಟ್ಟಣದ ಹೆಸರು ಅದು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಧಿಕ್ಕರಿಸಿ ತಾನು ಸ್ವತಂತ್ರವೆಂದು ಸಾರಿತು, ಐವರು ಗಲ್ಲಿಗೇರಿದರು. ಈಸೂರಿನ ಹೆಸರಿನಲ್ಲಿ ಭಾಷಣಗಳಾಗಿವೆ. ಆ ಹೆಸರನ್ನು ಅಂಗಿಯ ಮೇಲೆ ಧರಿಸಿ ವರ್ಷಪೂರ್ತಿ ಆಡುವ ತಂಡವೊಂದನ್ನು ಕಟ್ಟುವ ಯೋಚನೆ ಯಾರಿಗಾದರೂ ಬಂದಿದ್ದರೆ ಅದು ರಾಜ್ಯದ ಗಮನಕ್ಕಂತೂ ಬಂದಿಲ್ಲ.

1945ರಲ್ಲಿ ಹುಟ್ಟಿದ ನುಮಾನ್ಸಿಯಾ ದಶಕಗಳ ಕಾಲ ಕೆಳದರ್ಜೆಗಳಲ್ಲೇ ಇತ್ತು. 1995-96ರಲ್ಲಿ, ಮೂರನೇ ದರ್ಜೆಯಲ್ಲಿದ್ದಾಗ, ರಾಜನ ಹೆಸರಿನ ಕಪ್ ಪಂದ್ಯಾವಳಿಯಲ್ಲಿ ಮೊದಲ ದರ್ಜೆಯ ಮೂರು ತಂಡಗಳನ್ನು ಹೊರದೂಡಿ ಎಂಟರ ಘಟ್ಟಕ್ಕೆ ಬಂತು. ಅಲ್ಲಿ ತನ್ನ ನೆಲದಲ್ಲಿ ಬಾರ್ಸಿಲೋನಾವನ್ನು 2-2ರಲ್ಲಿ ತಡೆಯಿತು. 1999ರಲ್ಲಿ ಮೊದಲ ಬಾರಿಗೆ ಲಾ ಲಿಗಾ ತಲುಪಿತು. 2008ರಲ್ಲಿ ಮತ್ತೆ ಮೇಲೇರಿದಾಗ ಡಿಮಾಸ್ ಆ ತಂಡದಲ್ಲಿದ್ದರು. ಆ ವರ್ಷದ ಆಗಸ್ಟ್ 31ರಂದು ಬಾರ್ಸಿಲೋನಾ ಸೋರಿಯಾಕ್ಕೆ ಬಂತು. ಪೆಪ್ ಗಾರ್ಡಿಯೋಲಾ ಕೋಚ್ ಆಗಿ ಎದುರಿಸಿದ ಮೊದಲ ಲಾ ಲಿಗಾ ಪಂದ್ಯ ಅದು. ಮೆಸ್ಸಿ ಇದ್ದ ತಂಡ 0-1ರಿಂದ ಸೋತು ಹೋಯಿತು. ತನ್ನನ್ನು ಬೇಡವೆಂದ ಕ್ಲಬ್ಬನ್ನು ತಾಲ್ಲೂಕು ಕೇಂದ್ರದಷ್ಟು ದೊಡ್ಡ ಊರಿನ ತಂಡದಲ್ಲಿದ್ದುಕೊಂಡು ಸೋಲಿಸುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ.

ಋತುವಿನ ಕೊನೆಗೆ ನುಮಾನ್ಸಿಯಾ ಎರಡನೇ ದರ್ಜೆಗೆ ಇಳಿಯಿತು, 2020ರಲ್ಲಿ ಅಲ್ಲಿಂದಲೂ ಇಳಿಯಿತು. ಡಿಮಾಸ್ ಅಷ್ಟರೊಳಗೆ ಬೇರೆ ಊರುಗಳನ್ನು ನೋಡಿಯಾಗಿತ್ತು. 1889ರಲ್ಲಿ ಸ್ಥಾಪನೆಯಾದ, ಸ್ಪೇನ್‌ನ ಅತ್ಯಂತ ಹಳೆಯ ಕ್ಲಬ್ ರೆಕ್ರಿಯಾಟಿವೊದಲ್ಲಿ ಆಡಿದರು. ಅದು ಸಾಲದಲ್ಲಿ ಮುಳುಗಿ 2015ರಲ್ಲಿ ಮೂರನೇ ದರ್ಜೆಗೆ ಕುಸಿಯಿತು. ಆ ವರ್ಷ ಅವರು ಆಸ್ಟ್ರೇಲಿಯದ ವೆಸ್ಟರ್ನ್ ಸಿಡ್ನಿ ವಾಂಡರರ್ಸ್ ತಂಡ ಸೇರಿದರು. 2017ರಲ್ಲಿ ಬೆಂಗಳೂರಿಗೆ ಬಂದರು. ಆಗಿನ ಕೋಚ್ ಆಲ್ಬರ್ಟ್ ರೋಕಾ, ಬಳಿಕ ಬಂದ ಕಾರ್ಲೆಸ್ ಕ್ವಾದ್ರಾತ್ ಇಬ್ಬರೂ ಸ್ಪೇನ್‌ನವರೇ. 2018ರ ಸೂಪರ್ ಕಪ್, 2019ರ ಲೀಗ್ ಪ್ರಶಸ್ತಿಗಳ ನಂತರ 2021ರಲ್ಲಿ, 38ರ ವಯಸ್ಸಿನಲ್ಲಿ, ಡಿಮಾಸ್ ಬೆಂಗಳೂರು ಬಿಟ್ಟರು. ರಾಷ್ಟ್ರೀಯ ತಂಡಕ್ಕೆ ಒಮ್ಮೆಯೂ ಆಡದ, ವಿಶ್ವಖ್ಯಾತಿಯ ಸಮೀಪಕ್ಕೂ ಬಾರದ ಆಟಗಾರನೊಬ್ಬ ಎರಡು ದಶಕಗಳ ಕಾಲ ಆಟವನ್ನೇ ನಂಬಿ ಬದುಕಿದರು ಎಂಬುದು ಇಲ್ಲಿನ ಮುಖ್ಯ ಸಂಗತಿ. ಸ್ಪೇನ್‌ನ ಮೊದಲೆರಡು ದರ್ಜೆಗಳ ಆಟಗಾರರಿಗೆ ಕನಿಷ್ಠ ವೇತನದ ಒಪ್ಪಂದವಿದೆ, ಅದಕ್ಕಾಗಿ ಹೋರಾಡುವ ಆಟಗಾರರ ಸಂಘ 1978ರಿಂದಲೂ ಇದೆ. ಅದರ ಕೆಳಗೆ ಇನ್ನೂ ಹಲವು ದರ್ಜೆಗಳಿವೆ. ಒಂದು ಮೆಟ್ಟಿಲಿನಿಂದ ಜಾರಿದವನು ಕೆಳಗಿನ ಮೆಟ್ಟಿಲಿನ ಮೇಲೆ ಬೀಳುತ್ತಾನೆ, ನೆಲಕ್ಕೆ ಬೀಳುವುದಿಲ್ಲ.

ಕರ್ನಾಟಕದ ಏಣಿಯಲ್ಲಿ ನಡುವಿನ ಮೆಟ್ಟಿಲುಗಳೇ ಇಲ್ಲ. ರಾಜ್ಯದ ಫುಟ್‌ಬಾಲ್ ಪರಂಪರೆ ಸಣ್ಣದೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆದರೆ ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್, ಅದರ ಕೆಳಗಿನ ಎ, ಬಿ, ಸಿ ವಿಭಾಗಗಳ ಲೀಗ್‌ಗಳ ಬದುಕೆಲ್ಲ ಮುಖ್ಯವಾಗಿ ಬೆಂಗಳೂರಿನಲ್ಲೇ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಸೊರಬದ ಹುಡುಗನಿಗೆ 'ಸಿ' ವಿಭಾಗವೂ ಸೂಪರ್ ಲೀಗ್‌ನಷ್ಟೇ ದೂರ.

ಮಲೆನಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಆಟದ ಹುಚ್ಚಿಗೆ ಕೊರತೆ ಇದೆ ಎಂದು ಯಾರೂ ಹೇಳಲಾರರು. ದೀಪಾವಳಿ ಕಳೆದರೆ ಹೋರಿ ಬೆದರಿಸುವ ಹಬ್ಬ ಆರಂಭವಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿಗಳಿಗೆ ಹೆಸರಿದೆ, ಬಿರುದಿದೆ, ಅಭಿಮಾನಿ ಬಳಗವಿದೆ. ಹೋರಿಯ ಚಿತ್ರವಿರುವ ಅಂಗಿ ತೊಟ್ಟ ಯುವಕರು ಊರಿಂದೂರಿಗೆ ಗಾಡಿ ಮಾಡಿಕೊಂಡು ಹೋಗುತ್ತಾರೆ. ಪ್ರಾಣಾಪಾಯದ ಪ್ರಶ್ನೆ ಬೇರೆಯೇ ಇದೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಚಂದಾ ಎತ್ತುವುದು, ಅಖಾಡ ಸಿದ್ಧಪಡಿಸುವುದು, ದಿನ ನಿಗದಿ ಮಾಡುವುದು, ಸಾವಿರಾರು ಜನರನ್ನು ಸೇರಿಸುವುದು, ತಂಡದ ಹೆಸರಿಗೆ ನಿಷ್ಠೆ ತೋರುವುದು, ಇವೆಲ್ಲವೂ ಹಳ್ಳಿಯ ಯುವಕರಿಗೆ ಗೊತ್ತಿದೆ. ಕ್ಲಬ್ ಎಂದರೂ ಬಹುತೇಕ ಇದೇ. ಚಳಿಗಾಲದ ಹೊನಲು ಬೆಳಕಿನ ಕಬಡ್ಡಿಗೂ, ಟೆನಿಸ್ ಚೆಂಡಿನ ಕ್ರಿಕೆಟ್‌ಗೂ ಇದೇ ಮಾತು ಸಲ್ಲುತ್ತದೆ.

ಕೊರತೆ ಇರುವುದು ಲೀಗ್‌ನದು. ಈ ಭಾಗದಲ್ಲಿ ಸಾಮಾನ್ಯವಾಗಿ ನಡೆಯುವುದು ಸೋತವರು ಹೊರನಡೆಯುವ ಪಂದ್ಯಾವಳಿ, ಅದೂ ನಾಯಕರೊಬ್ಬರ ಹುಟ್ಟುಹಬ್ಬಕ್ಕೋ ಹಬ್ಬಕ್ಕೋ ಹೊಂದಿಸಿಕೊಂಡು. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟವೂ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಎಂಟು ತಂಡಗಳ ಇಂತಹ ಪಂದ್ಯಾವಳಿಯಲ್ಲಿ ಒಟ್ಟು ಏಳು ಪಂದ್ಯಗಳು, ನಾಲ್ಕು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಎಂಟು ತಂಡಗಳು ತಮ್ಮ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವ ಲೀಗ್‌ನಲ್ಲಿ ಒಟ್ಟು 56 ಪಂದ್ಯಗಳು, ಪ್ರತಿ ತಂಡಕ್ಕೂ 14. ಒಂದು ಪಂದ್ಯದಲ್ಲಿ ಎಡವಿದ ಹದಿನಾಲ್ಕರ ಹುಡುಗನಿಗೆ ಮುಂದಿನ ವಾರ ಮತ್ತೊಂದು ಪಂದ್ಯ ಸಿಗುತ್ತದೆ. ಆಟ ಕಲಿಯುವುದು ಹೀಗೆ. ಸೋರಿಯಾದಲ್ಲಿ ಬೇರಾವ ಮಾಯೆಯೂ ನಡೆದಿಲ್ಲ.

ಇಂತಹ ವ್ಯವಸ್ಥೆಗೆ ಮೈದಾನವೂ ಬೇಕು, ಶಿಳ್ಳೆ ಹಿಡಿಯುವವರೂ ಬೇಕು. ಎರಡನ್ನೂ ಹುಡುಕಿಕೊಂಡು ಹೊರಟರೆ ಸರ್ಕಾರಿ ಪ್ರೌಢಶಾಲೆಗಳ ಅಂಗಳಕ್ಕೇ ಬರಬೇಕಾಗುತ್ತದೆ. ಆದರೆ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಚದುರಿದ ಊರುಗಳ, ಮಕ್ಕಳು ಕಡಿಮೆ ಇರುವ ಮಲೆನಾಡಿನ ಶಾಲೆಗಳಿಗೆ ಈ ಲೆಕ್ಕ ಎಂದೂ ಅನುಕೂಲಕರವಲ್ಲ. ದೈಹಿಕ ಶಿಕ್ಷಕರನ್ನು ಇತರ ಶಿಕ್ಷಕರಿಗೆ ಸಮಾನವಾಗಿ ಕಾಣಬೇಕು, ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಬೇಕು ಎಂಬ ಬೇಡಿಕೆ ಹಲವು ಸರ್ಕಾರಗಳನ್ನು ಕಂಡಿದೆ.

ಇಲ್ಲಿ ರಾಜಕೀಯದ ಮಾತು ಬಾರದೇ ಇರದು. ರಾಜ್ಯದಲ್ಲಿ ಅಧಿಕಾರದ ಇಷ್ಟು ಸಮೀಪವಿದ್ದ ಅಕ್ಕಪಕ್ಕದ ಎರಡು ತಾಲ್ಲೂಕುಗಳು ವಿರಳ. 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಹೋದ ಎಸ್. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪ ಮುಂದೆ ಹಲವು ಬಾರಿ ಆ ಗಾದಿ ಏರಿದರು. (ಬಂಗಾರಪ್ಪನವರು ಬ್ಯಾಡ್ಮಿಂಟನ್ ಪ್ರಿಯರು. ತಂಡ ಬದಲಿಸುವುದರಲ್ಲಿ ಅವರು ಯುರೋಪಿನ ಆಟಗಾರರಿಗೂ ಕಡಿಮೆಯಿರಲಿಲ್ಲ ಎಂದು ಆಗಿನ ವಿರೋಧಿಗಳು ಹೇಳಬಹುದಿತ್ತು. 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ, ಆಮೇಲೆ ಮತ್ತೆ ಕಾಂಗ್ರೆಸ್, ಕೊನೆಗೆ ಜೆಡಿಎಸ್.) 2023ರ ಚುನಾವಣೆಯ ನಂತರ ಸೊರಬದ ಶಾಸಕ ಮಧು ಬಂಗಾರಪ್ಪ ಅವರಿಗೆ ಶಾಲಾ ಶಿಕ್ಷಣ ಖಾತೆಯೂ ಶಿವಮೊಗ್ಗ ಜಿಲ್ಲೆಯ ಉಸ್ತುವಾರಿಯೂ ದೊರೆತವು. ಶಿಕಾರಿಪುರದ ಶಾಸಕ ಬಿ.ವೈ. ವಿಜಯೇಂದ್ರ ಅದೇ ವರ್ಷ ಬಿಜೆಪಿಯ ರಾಜ್ಯಾಧ್ಯಕ್ಷರಾದರು. ಅವರ ಸಹೋದರ ಬಿ.ವೈ. ರಾಘವೇಂದ್ರ ಜಿಲ್ಲೆಯ ಸಂಸದರು. ಜಿಲ್ಲೆಗೆ 2023ರಲ್ಲಿ ವಿಮಾನ ನಿಲ್ದಾಣ ಬಂದಿತು, ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ರೈಲು ಮಾರ್ಗದ ಯೋಜನೆ ಬಂದಿತು. ಇವುಗಳ ಪಕ್ಕದಲ್ಲಿ ಶಾಲಾ ಮೈದಾನಗಳ ಮೇಲೆ ನಡೆಯುವ ಲೀಗ್‌ನ ವೆಚ್ಚ ಲೆಕ್ಕಕ್ಕೂ ಸಿಗದಷ್ಟು ಅಲ್ಪ. ಪ್ರಾಯಶಃ ಅದೇ ಅದರ ದೋಷ. ಕಬಡ್ಡಿಗೋ ಫುಟ್‌ಬಾಲ್‌ಗೋ ಹದಿನಾಲ್ಕು ವಾರ ನಡೆಯುವ ಲೀಗ್‌ಗೆ ಶಂಕುಸ್ಥಾಪನೆಯ ಕಲ್ಲು ನೆಡಲು ಜಾಗವಿಲ್ಲ.

ಫುಟ್‌ಬಾಲ್ ಈ ನೆಲಕ್ಕೆ ಹೊಂದುವುದಿಲ್ಲ ಎಂಬ ವಾದವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದಾಗ ಕ್ರಿಕೆಟ್ ನಿಲ್ಲುತ್ತದೆ, ಕಬಡ್ಡಿಯ ಅಂಕಣ ಕೆಸರಾಗುತ್ತದೆ. ಒದ್ದೆ ಹುಲ್ಲಿನ ಮೇಲೆ ಆಡಬಹುದಾದ ಆಟ ಫುಟ್‌ಬಾಲ್ ಒಂದೇ. ಶಾಲೆಗಳು ತೆರೆಯುವುದೂ ಅದೇ ಕಾಲಕ್ಕೆ. ಒಂದು ಚೆಂಡು, ನಾಲ್ಕು ಗಳು ಇದ್ದರೆ ಆನವಟ್ಟಿ ಮತ್ತು ಶಿರಾಳಕೊಪ್ಪದ ತಂಡಗಳು ಶನಿವಾರ ಮಧ್ಯಾಹ್ನ ಎದುರಾಗಬಹುದು. ಎರಡು ಊರುಗಳ ನಡುವಿನ ಬಸ್ ಪ್ರಯಾಣಕ್ಕೆ ಹೆಚ್ಚು ಹೊತ್ತೂ ಹಿಡಿಯದು.

ಸದ್ಯ ಮಗನನ್ನು ಮೈದಾನದಿಂದ ಎಬ್ಬಿಸಿ ಪೊಲೀಸ್ ನೇಮಕಾತಿಯ ತರಬೇತಿಗೆ ಸೇರಿಸುವ ತಂದೆಯ ಲೆಕ್ಕಾಚಾರವನ್ನು ತಪ್ಪೆನ್ನಲಾಗದು. ದೇಶದ ಅತ್ಯುನ್ನತ ಲೀಗ್‌ನ, ಚಾಂಪಿಯನ್ ಪಟ್ಟ ಗೆದ್ದ ಕ್ಲಬ್ಬೇ 2025ರಲ್ಲಿ ಸಂಬಳ ತಡೆದದ್ದನ್ನು ಆತ ಪತ್ರಿಕೆಯಲ್ಲಿ ಓದಿದ್ದಾನೆ. ರೆಕ್ರಿಯಾಟಿವೊ ಕುಸಿದಾಗ ಡಿಮಾಸ್‌ಗೆ ಸಿಡ್ನಿ ಇತ್ತು, ಬೆಂಗಳೂರೂ ಇತ್ತು. ಬೆಂಗಳೂರು ಅಲುಗಾಡಿದರೆ ಇಲ್ಲಿನ ಹುಡುಗನಿಗೆ ಶಿವಮೊಗ್ಗದಲ್ಲಿ ಇಳಿದು ನಿಲ್ಲಲು ಸಂಬಳ ಕೊಡುವ ತಂಡವೊಂದಿಲ್ಲ.