ಓಪನ್ ಸೋರ್ಸ್ ಅಂದ್ರೆ ನಮ್ಮ ಲ್ಯಾಪ್‌ಟಾಪಲ್ಲೂ ಓಡ್ಬೇಕು

ಸಾಫ್ಟ್‌ವೇರ್ ಎಲ್ಲಿ ನಿಧಾನವಾಯ್ತು, ಎಲ್ಲಿ ಎರರ್ ಬಂತು ಅಂತ ತೋರಿಸುವ ಓಪನ್ ಸೋರ್ಸ್ ಟೂಲ್ ಸಿಗ್‌ನೋಜ್. ಬೆಂಗಳೂರಿನಲ್ಲೂ ಅದರ ತಂಡ ಇದೆ. 2021ರಲ್ಲಿ ಹೊರಬಂದಾಗ ಡೇಟಾ ಸಾಗಿಸೋಕೆ ಕಾಫ್ಕಾ, ಇಟ್ಟು ಹುಡುಕೋಕೆ ಡ್ರೂಯಿಡ್ ಬಳಸುತ್ತಿತ್ತು. ಇವೆರಡೂ ದೊಡ್ಡ ಕಂಪನಿಗಳಿಗೆ ಸರಿ. ಸಣ್ಣ ಮೆಷಿನ್‌ಗೆ ರ್‍ಯಾಮ್ ಸಾಲದು. ಆಮೇಲೆ ತಂಡ ಎರಡನ್ನೂ ಬಿಟ್ಟು ಕ್ಲಿಕ್‌ಹೌಸ್ ಎಂಬ ಡೇಟಾಬೇಸ್ ಹಿಡಿಯಿತು.

ನನ್ನ ಪ್ರಕಾರ ಬೆಳವಣಿಗೆ ಅಂದ್ರೆ ಇದು. ನಾವು ಮಿನಿ ಪ್ರಾಜೆಕ್ಟಿಗೂ ರೆಸ್ಯುಮೆಗೋಸ್ಕರ ಕಾಫ್ಕಾ ತುರುಕ್ತೀವಿ. ಶೆಟ್ಟಿಕೆರೆಯ ಮನೇಲಿ 8 ಜಿಬಿ ಲ್ಯಾಪ್‌ಟಾಪ್ ಇಟ್ಕೊಂಡು ಕಲಿಯೋರಿಗೆ, ಓಡಿಸೋಕೇ ಆಗದಿದ್ರೆ ಕೋಡ್ ಓಪನ್ ಇದ್ದು ಏನು ಪ್ರಯೋಜನ? ಮುಂದಿನ ರಿವ್ಯೂನಲ್ಲಿ ಗೈಡ್‌ಗಳು ‘ಇನ್ನೇನು ಸೇರಿಸ್ತೀರಾ?’ ಅನ್ನೋ ಬದಲು ‘ಇದ್ರಲ್ಲಿ ಏನು ತೆಗೀಬಹುದು?’ ಅಂತ ಕೇಳಲಿ. ಉತ್ತರ ಹೇಳೋದು ನಿಜಕ್ಕೂ ಕಷ್ಟ.