ಪಿಸ್ತೂಲು ಹಿಡಿದ ಸತ್ಯ

ಅಲೆಕ್ಸೇಯ್ ಬಾಲಬಾನವ್ ನಿರ್ದೇಶಿಸಿದ ‘ಬ್ರಾತ್’ ಎಂಬ ರಷ್ಯನ್ ಚಲಚ್ಚಿತ್ರ 1997ರಲ್ಲಿ ತೆರೆಕಂಡಿತು. ಬ್ರಾತ್ ಎಂದರೆ ಸಹೋದರ. ಸಂಸ್ಕೃತದ ‘ಭ್ರಾತೃ’ ಶಬ್ದಕ್ಕೆ ಒಡಹುಟ್ಟಾದ ಪದ. ಹೆಸರು ಇಷ್ಟು ಆತ್ಮೀಯವಾದರೂ ಕಥೆ ಕೊಲೆಗಾರರದು. ಸೈನ್ಯದಿಂದ ಮರಳಿದ ದನೀಲ ಎಂಬ ತರುಣ ಸೇಂಟ್ ಪೀಟರ್ಸ್‌ಬರ್ಗ್ ನಗರಕ್ಕೆ ಅಣ್ಣನನ್ನು ಅರಸಿ ಬರುತ್ತಾನೆ. ಅಣ್ಣನದು ಹಣಕ್ಕೆ ಕೊಲ್ಲುವ ವೃತ್ತಿ. ತನಗೆ ಬಂದ ಕೆಲಸವನ್ನು ಅವನು ತಮ್ಮನಿಗೆ ದಾಟಿಸುತ್ತಾನೆ. ತಮ್ಮನು ಅದನ್ನು ಅಚ್ಚುಕಟ್ಟಾಗಿ ಮುಗಿಸುತ್ತಾನೆ. ಇಂತಹವನನ್ನು ಒಂದು ದೇಶದ ತರುಣರು ತಮ್ಮ ಆದರ್ಶಪುರುಷನೆಂದು ಎದೆಗೊತ್ತಿಕೊಂಡರು.

ಇದರ ಎರಡನೆಯ ಭಾಗ 2000ರಲ್ಲಿ ಬಂದಿತು. ಅದರಲ್ಲಿ ಹಲವರ ಪ್ರಾಣ ತೆಗೆದ ಮೇಲೆ ದನೀಲನು ಅಮೆರಿಕದ ಶಿಕಾಗೋ ನಗರದಲ್ಲಿ ಒಬ್ಬ ಧನಿಕನ ಎದುರು ಕುಳಿತು, ಬಲ ಯಾವುದರಲ್ಲಿದೆ ಎಂದು ಕೇಳುತ್ತಾನೆ. ಹಣದಲ್ಲಲ್ಲ, ಸತ್ಯದಲ್ಲಿ ಎಂದು ತಾನೇ ಉತ್ತರವನ್ನೂ ಕೊಡುತ್ತಾನೆ. ಸತ್ಯ ಯಾರ ಪಕ್ಷದಲ್ಲಿದೆಯೋ ಅವನೇ ಬಲಶಾಲಿ ಎಂಬುದು ಅವನ ವಾದದ ತಾತ್ಪರ್ಯ. ಆ ಮಾತು ರಷ್ಯದಲ್ಲಿ ಗಾದೆಯಂತೆ ನೆಲೆನಿಂತಿತು. ಸಂದರ್ಭವನ್ನು ಅರಿಯದೆ ಕೇಳಿದವರಿಗೆ ಅದು ಯಾರೋ ವ್ರತಿಗಳ ವಚನದಂತೆ ತೋರಿದರೆ ಆಶ್ಚರ್ಯವಿಲ್ಲ.

ಆಕ್ಷೇಪಣೆ ಇರುವುದು ಇಲ್ಲಿಯೇ. ತೆರೆಯ ಮೇಲೆ ರಕ್ತ ಹರಿಯಿತೆಂಬುದು ಎರಡನೆಯ ಮಾತು. ಸತ್ಯವ್ರತವನ್ನು ಅಹಿಂಸೆಯ ಮಡಿಲಿನಿಂದ ಕಿತ್ತು ಕೊಲೆಯ ಊಳಿಗಕ್ಕೆ ನಿಲ್ಲಿಸಲಾಯಿತು ಎಂಬುದೇ ಮೊದಲನೆಯದು. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದಾಚಾರ್ಯರು, ಅಹಿಂಸೆಯು ಪೈರು, ಸತ್ಯಾದಿ ಇತರ ವ್ರತಗಳು ಅದನ್ನು ಕಾಯುವ ಬೇಲಿ ಎಂಬ ಭಾವವನ್ನು ತಿಳಿಸಿದ್ದಾರೆ. ಪ್ರಾಣಿಗಳಿಗೆ ಪೀಡೆಯಾಗುವ ನುಡಿ, ಅದು ಇದ್ದುದನ್ನೇ ಹೇಳಿದರೂ, ಪ್ರಶಸ್ತವಲ್ಲವೆಂಬುದು ಅವರ ನಿರ್ಣಯ. ದನೀಲನ ಸತ್ಯವಾದರೋ ಬೇಲಿಯೇ ಎದ್ದು ಹೊಲ ಮೇಯ್ದಂತಹುದು. ಇನ್ನೊಂದು ಸೂಕ್ಷ್ಮವನ್ನು ಅಭಿಮಾನಿಗಳು ಗಮನಿಸುವುದಿಲ್ಲ. ಯುದ್ಧದಲ್ಲಿ ಏನು ಮಾಡಿದೆ ಎಂದು ಕೇಳಿದವರಿಗೆ ಈ ಸತ್ಯವಾದಿಯು ಕಚೇರಿಯಲ್ಲಿ ಗುಮಾಸ್ತನಾಗಿದ್ದೆನೆಂದು ಹೇಳುತ್ತಾನೆ. ಆಯುಧಗಳಲ್ಲಿ ಅವನ ಕೈ ಪಳಗಿರುವ ರೀತಿಯೇ ಅದು ಸುಳ್ಳೆಂದು ಸಾರುತ್ತದೆ. ಅವನ ಸತ್ಯದಲ್ಲಿ ತನ್ನವರಿಗೆ ಮಾತ್ರ ಪಾಲು. ಕಾಕಸಸ್ ಪ್ರಾಂತದವರು, ಯುಕ್ರೇನಿನವರು, ಕಪ್ಪುವರ್ಣದ ಅಮೆರಿಕನ್ನರು ಅವನ ಬಾಯಲ್ಲಿ ಹೀನರು. ಒಂದೇ ಪಕ್ಷವನ್ನು ಹಿಡಿದು ಉಳಿದುದನ್ನೆಲ್ಲ ಅಲ್ಲಗಳೆಯುವ ಈ ದೃಷ್ಟಿಗೆ ಜೈನ ತರ್ಕದಲ್ಲಿ ಏಕಾಂತವೆಂದು ಹೆಸರು. ಅದು ಮಿಥ್ಯಾತ್ವದ ಭೇದ.

ಇಂತಹ ಚಿತ್ರಗಳು ಕಾಲದ ಕನ್ನಡಿ ಮಾತ್ರ ಎಂದು ಸಮರ್ಥಕರು ಹೇಳುತ್ತಾರೆ. ಅರ್ಧ ನಿಜ. ಸೋವಿಯತ್ ಒಕ್ಕೂಟವು 1991ರ ಡಿಸೆಂಬರಿನಲ್ಲಿ ಕುಸಿಯಿತು. 1992ರ ಜನವರಿ 2ರಿಂದ ಬಹುತೇಕ ಪದಾರ್ಥಗಳ ಬೆಲೆಯ ಮೇಲಿದ್ದ ಸರಕಾರದ ಕಟ್ಟು ಸಡಿಲವಾಯಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟು ಏರಿ, ವೃದ್ಧರು ಜೀವಮಾನವಿಡೀ ಕೂಡಿಟ್ಟ ಉಳಿತಾಯ ಕರಗಿಹೋಯಿತು. ಅಂಗಡಿ ತೆರೆದವನು ತೆರಿಗೆಗಿಂತ ಮೊದಲು ‘ಕ್ರಿಶ’ಕ್ಕೆ ಹಣ ಕಟ್ಟಬೇಕಾಯಿತು. ಆ ಪದದ ಅರ್ಥ ಮನೆಯ ಮಾಡು. ಹಣ ಕೊಟ್ಟರೆ ಪುಂಡರ ತಂಡ ಮಾಡಿನಂತೆ ಕಾಯುತ್ತದೆ, ಕೊಡದಿದ್ದರೆ ಅದೇ ತಂಡ ಅಂಗಡಿ ಸುಡುತ್ತದೆ. ಸರಕಾರಿ ಲೆಕ್ಕದಂತೆ 1994ರಲ್ಲಿ ಆ ದೇಶದಲ್ಲಿ ನಡೆದ ಕೊಲೆಗಳು ಹಾಗೂ ಕೊಲೆಯತ್ನಗಳು 32 ಸಾವಿರಕ್ಕೂ ಹೆಚ್ಚು. ದೂರದರ್ಶನದ ಜನಪ್ರಿಯ ಮುಖವಾಗಿದ್ದ ವ್ಲಾದಿಸ್ಲಾವ್ ಲಿಸ್ತ್ಯೇವ್ 1995ರ ಮಾರ್ಚ್ 1ರಂದು ಮಾಸ್ಕೋವಿನ ತಮ್ಮ ಮನೆಯ ಮೆಟ್ಟಿಲಲ್ಲಿ ಗುಂಡೇಟಿಗೆ ಬಲಿಯಾದರು. ಯೆಕತೆರಿನ್‌ಬುರ್ಗ್ ನಗರದ ಸ್ಮಶಾನಗಳಲ್ಲಿ ಆ ಕಾಲದ ತಂಡಗಳವರ ಆಳೆತ್ತರದ ಚಿತ್ರಗಳನ್ನು ಕಪ್ಪು ಕಲ್ಲಿನಲ್ಲಿ ಕೊರೆದಿದ್ದಾರೆ. ಒಬ್ಬನ ಕೈಯಲ್ಲಿ ಮರ್ಸಿಡಿಸ್ ಕಾರಿನ ಬೀಗದ ಕೈಯೂ ಇದೆ. ಎಲ್ಲವನ್ನೂ ತೊರೆದು ದೇಹಬಿಟ್ಟವರ ನಿಷಿಧಿಗಲ್ಲುಗಳನ್ನು ಕಂಡ ಕಣ್ಣಿಗೆ ಆ ಕಲ್ಲು ಎಂತಹ ಕರುಣಾಜನಕ ವಸ್ತು!

ಆದರೆ ಕನ್ನಡಿಗೆ ಸಂಗೀತವಿಲ್ಲ, ನಾಯಕನ ಮುಗುಳ್ನಗೆಯಿಲ್ಲ. 2002ರಲ್ಲಿ ದೂರದರ್ಶನದಲ್ಲಿ ಬಂದ ‘ಬ್ರಿಗಾದ’ ಧಾರಾವಾಹಿಯ 15 ಕಂತುಗಳಲ್ಲಿ ನಾಲ್ವರು ಬಾಲ್ಯಸ್ನೇಹಿತರು ಸುಲಿಗೆಯಿಂದ ಸಿರಿವಂತರಾದರು. ಅವರ ನಿಲುವಂಗಿ, ಮಾತಿನ ಧಾಟಿ, ಗೆಳೆತನದ ಪ್ರತಿಜ್ಞೆ ಎಲ್ಲವೂ ಹುಡುಗರಿಗೆ ಮೇಲ್ಪಂಕ್ತಿಯಾದವು. ಅವರಿಂದ ಸುಲಿಗೆಯಾದ ಅಂಗಡಿಯವನಿಗೆ ಒಂದು ಕಂತೂ ಮೀಸಲಾಗಲಿಲ್ಲ. 2023ರಲ್ಲಿ, 1989ರ ಕಜಾನ್ ನಗರದ ಬೀದಿತಂಡಗಳ ಮೇಲೆ ‘ಸ್ಲೋವೊ ಪತ್ಸನ’ ಎಂಬ ಧಾರಾವಾಹಿ ಬಂದಿತು. ಅದು ದುರಂತವನ್ನು ಮುಚ್ಚಿಡಲಿಲ್ಲ, ನಿಜ. ಆದರೂ ಮಕ್ಕಳು ತಂಡದ ನಿಯಮಗಳನ್ನೇ ಅನುಕರಿಸುತ್ತಾರೆಂಬ ಕಳವಳ ಎಷ್ಟು ಹಬ್ಬಿತೆಂದರೆ ಅದನ್ನು ನಿಷೇಧಿಸಬೇಕೆಂಬ ಕೂಗೂ ಎದ್ದಿತು.

ನಿಷೇಧವು ಸರಕಾರದ ದಾರಿ. ಶ್ರಾವಕನ ದಾರಿ ಬೇರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ‘ದುಃಶ್ರುತಿ’ಯನ್ನು ಸೇರಿಸಲಾಗಿದೆ. ದ್ವೇಷ, ಮದ, ದುಸ್ಸಾಹಸಗಳಿಂದ ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಕಣ್ಣಿನಿಂದ ಕೇಳುವ ಕಾಲ ಬಂದಿದೆ ಎಂದ ಮಾತ್ರಕ್ಕೆ ದೋಷವೇನೂ ಕಡಿಮೆಯಾಗದು. ಕೊಂದವನು ತೆರೆಯ ಮೇಲಿನ ನಟ, ಸತ್ತವನೂ ನಟ, ನೋಡಿದವನಿಗೆ ಯಾವ ಪಾಪ ಎಂದು ಕೇಳುವವರುಂಟು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಮೊದಲಿನ ಎರಡು ಅಲ್ಲಿಲ್ಲ, ಮೂರನೆಯದು ಇದೆ. ಗುಂಡು ಹಾರಿದ ಕ್ಷಣದಲ್ಲಿ ಪ್ರೇಕ್ಷಕನೊಳಗೆ ಏಳುವ ‘ಹಾಗೇ ಆಗಬೇಕು ಅವನಿಗೆ’ ಎಂಬ ಉಲ್ಲಾಸವು ನಟನೆಯಲ್ಲ. ಅದು ಅವನದೇ ಭಾವ. ರೌದ್ರಧ್ಯಾನದ ನಾಲ್ಕು ಭೇದಗಳನ್ನು ನೆನೆದರೆ ಇಡೀ ಚಿತ್ರಪ್ರಕಾರವೇ ಅಲ್ಲಿ ಅಡಗಿದೆ: ಹಿಂಸೆಯಲ್ಲಿ ಆನಂದ, ಸುಳ್ಳಿನಲ್ಲಿ ಆನಂದ, ಕಳವಿನಲ್ಲಿ ಆನಂದ, ಕೂಡಿಹಾಕಿದ್ದನ್ನು ಕಾಯುವುದರಲ್ಲಿ ಆನಂದ. ಕ್ರಿಶದ ವ್ಯಾಪಾರವೆಲ್ಲ ಕೊನೆಯದರ ಸುತ್ತಲೇ ನಡೆದದ್ದು.

ಹೀಗೆಂದು ಕೈತೊಳೆದುಕೊಳ್ಳುವಷ್ಟು ವಿಷಯ ಸರಳವಲ್ಲ. 1999ರಲ್ಲಿ ಸ್ತನಿಸ್ಲಾವ್ ಗವರೂಹಿನ್ ‘ವರಶೀಲವ್‌ನ ಗುರಿಕಾರ’ ಎಂಬ ಚಿತ್ರವನ್ನು ಮಾಡಿದರು. ಮುಖ್ಯ ಪಾತ್ರದಲ್ಲಿ ಮಿಖಾಯಿಲ್ ಉಲ್ಯಾನವ್. ಒಬ್ಬ ನಿವೃತ್ತ ವೃದ್ಧನ ಮೊಮ್ಮಗಳ ಮೇಲೆ ಮೂವರು ಅತ್ಯಾಚಾರ ಎಸಗುತ್ತಾರೆ. ಅವರಲ್ಲೊಬ್ಬ ಪೊಲೀಸ್ ಅಧಿಕಾರಿಯ ಮಗ, ಮೊಕದ್ದಮೆ ಮುಚ್ಚಿಹೋಗುತ್ತದೆ. ವೃದ್ಧನು ಹಳ್ಳಿಯ ಮನೆಯನ್ನು ಮಾರಿ, ದೂರದರ್ಶಕವಿರುವ ಬಂದೂಕನ್ನು ಕೊಂಡು, ಹೊಂಚುಹಾಕಿ ಶಿಕ್ಷೆ ವಿಧಿಸತೊಡಗುತ್ತಾನೆ. ಇದನ್ನು ನೋಡಿ ಕಣ್ಣು ತೇವವಾಗದ ಅಜ್ಜನಿರಲಾರ. ಗೃಹಸ್ಥನಿಗೆ ವಿರೋಧಿಹಿಂಸೆಯ ಸಂಪೂರ್ಣ ತ್ಯಾಗವನ್ನು ಶಾಸ್ತ್ರವು ವಿಧಿಸಿಲ್ಲವಲ್ಲ, ಈ ಅಜ್ಜನದು ಅದೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆ ಮೂವರು ಬಾಗಿಲು ಹಾಕಿಕೊಂಡ ಗಳಿಗೆಯಲ್ಲಿ ಅಜ್ಜನು ಅಲ್ಲಿದ್ದು ಕೈಗೆ ಸಿಕ್ಕಿದ್ದರಿಂದ ಹೊಡೆದಿದ್ದರೆ ಅದು ವಿರೋಧಿಹಿಂಸೆ. ಮನೆ ಮಾರಿ, ಬಂದೂಕು ಕೊಂಡು, ದಿನಗಟ್ಟಲೆ ಕಿಟಕಿಯಲ್ಲಿ ಕಾದು ಹಾರಿಸಿದ್ದು ಸಂಕಲ್ಪಿಹಿಂಸೆ. ನಡುವೆ ಇರುವ ಗೆರೆ ದುಃಖದಿಂದ ಅಳಿಸಿಹೋಗುವುದಿಲ್ಲ. ಆದರೆ ಆ ಹುಡುಗಿಗೆ ನ್ಯಾಯ ಕೊಡದ ಠಾಣೆಯ ದೋಷವನ್ನು ಮರೆತು ಅಜ್ಜನೊಬ್ಬನಿಗೇ ಉಪದೇಶ ಮಾಡುವ ಅಹಿಂಸಾವಾದಿಯು ಪ್ರಮಾದಿ. ನೊಂದವರ ಪಕ್ಕದಲ್ಲಿ ನಿಲ್ಲದ ಸಮಾಜದಲ್ಲಿ ಬಂದೂಕು ಕೊಳ್ಳುವವರು ಹುಟ್ಟಿಯೇ ಹುಟ್ಟುತ್ತಾರೆ. ಇಷ್ಟನ್ನು ಆ ಚಿತ್ರ ಸರಿಯಾಗಿಯೇ ಕಂಡಿದೆ.

ತೆರೆಯ ಮೇಲಿನ ಮಾತು ತೆರೆಯಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ 2022 ಸಾಕ್ಷಿ. ಫೆಬ್ರವರಿ 24ರಂದು ರಷ್ಯದ ಸೈನ್ಯವು ಯುಕ್ರೇನಿನೊಳಗೆ ನುಗ್ಗಿತು. ಬಲವು ಸತ್ಯದಲ್ಲಿದೆ ಎಂಬ ದನೀಲನ ಆ ಮಾತೇ, ಸೈನ್ಯದ ವಾಹನಗಳ ಮೇಲೆ ಬಳಿದಿದ್ದ ‘ವಿ’ ಅಕ್ಷರದೊಂದಿಗೆ ಬೆಸೆದು, ರಕ್ಷಣಾ ಇಲಾಖೆಯ ಪ್ರಚಾರವಾಕ್ಯವಾಯಿತು. ಅಮೆರಿಕದ ಚಿತ್ರಸಂಸ್ಥೆಗಳು ಹಿಂದೆಗೆದು ಚಿತ್ರಮಂದಿರಗಳು ಬರಿದಾದಾಗ ‘ಬ್ರಾತ್’ ಚಿತ್ರದ ಎರಡೂ ಭಾಗಗಳು ಮತ್ತೆ ತೆರೆಗೆ ಬಂದವು. ದನೀಲನ ಪಾತ್ರಧಾರಿ ಸೆರ್ಗೇಯ್ ಬದ್ರೋವ್ ಇದನ್ನು ಕಾಣಲು ಉಳಿದಿರಲಿಲ್ಲ. 2002ರ ಸೆಪ್ಟೆಂಬರಿನಲ್ಲಿ ಕಾಕಸಸ್ ಪರ್ವತದ ಕಣಿವೆಯೊಂದರಲ್ಲಿ ಹಿಮರಾಶಿ ಕುಸಿದು ಅವರು ತಮ್ಮ ತಂಡದೊಡನೆ ಕಣ್ಮರೆಯಾದರು. ಬಾಲಬಾನವ್ 2013ರಲ್ಲಿ ತೀರಿಕೊಂಡರು.

ಬಾಲಬಾನವ್‌ಗೆ ಸಲ್ಲಬೇಕಾದುದೊಂದಿದೆ. ಮೊದಲ ಚಿತ್ರದಲ್ಲಿ ಸ್ವೇತ ಎಂಬ ಟ್ರಾಮ್ ಚಾಲಕಿಯಿದ್ದಾಳೆ. ಗಂಡ ಅವಳನ್ನು ಹೊಡೆಯುತ್ತಾನೆ. ಅವಳಿಗೆ ಉಪಕಾರ ಮಾಡುವೆನೆಂದು ದನೀಲ ಗಂಡನ ಕಾಲಿಗೆ ಗುಂಡು ಹೊಡೆಯುತ್ತಾನೆ; ಇನ್ನು ಅವಳು ತನ್ನ ಜೊತೆ ಬರುವಳೆಂದು ನಂಬುತ್ತಾನೆ. ಅವಳು ಬರುವುದಿಲ್ಲ. ನೆಲದಲ್ಲಿ ಬಿದ್ದು ನರಳುವ ಗಂಡನ ಬಳಿ ಕುಳಿತು ಅಳುತ್ತ, ಹೊರಟುಹೋಗು ಎಂದು ದನೀಲನನ್ನು ಕಳುಹಿಸುತ್ತಾಳೆ. ಅವನು ತಾನು ತಂದಿದ್ದ ಹಾಡಿನ ತಟ್ಟೆಯನ್ನು ಅಲ್ಲಿಯೇ ಇಟ್ಟು ಹೊರಡುತ್ತಾನೆ.